ಪದಚರ್ಚೆ: ಡ್ರಾಫ್ಟ್ ಹಾರ್ಸ್‌ಗೆ ಕನ್ನಡದಲ್ಲಿ ಏನು? (ಶೈರ್ ತಳಿ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಶೈರ್ ಕುದುರೆ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕರಡು ಕೊಡಬೇಕು. ಡ್ರಾಫ್ಟ್ ಹಾರ್ಸ್‌ಗೆ (ಭಾರದ ಕೆಲಸಕ್ಕೆ ದುಡಿಸುವ ದೊಡ್ಡ ಕುದುರೆ) 'ಹೇರುಗುದುರೆ' ಎಂದು ಬರೆದಿದ್ದೇನೆ, ಸರಿಯೇ? ಇದರ ಮೊಣಕಾಲಿನ ಕೆಳಗೆ ಗೊರಸು ಮುಚ್ಚುವಷ್ಟು ಉದ್ದ ಕೂದಲು ಇಳಿಬಿದ್ದಿರುತ್ತದೆ, ಇಂಗ್ಲಿಷಿನಲ್ಲಿ ಫೆದರ್ ಅನ್ನುತ್ತಾರೆ. ಅದಕ್ಕೂ ಪದ ಬೇಕು. ಎತ್ತರ 17 ಹ್ಯಾಂಡ್ ಅಂತಿದೆ, '17 ಗೇಣು' ಎಂದು ಹಾಕಿದ್ದೇನೆ.

ಮರು:
ಹೇರುಗುದುರೆ ತಪ್ಪು. ಹೇರುವುದು ಬೆನ್ನ ಮೇಲೆ, ಅದು ಹೇಸರಗತ್ತೆಯ ಕೆಲಸ. ಶೈರ್ ಎಳೆಯುತ್ತದೆ. ಆದ್ದರಿಂದ ಎಳೆಗುದುರೆ. ಅಚ್ಚಗನ್ನಡ, ಸಂಧಿಯೂ ಸರಿ. ಯಾರಾದರೂ 'ಭಾರವಾಹಕ ಅಶ್ವ' ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮರು:
ಎಳೆಗೂಸು, ಎಳೆಗರು ಕೇಳಿ ಬೆಳೆದ ಮಕ್ಕಳಿಗೆ ಎಳೆಗುದುರೆ ಅಂದರೆ ಕುದುರೆಮರಿ, ಅಲ್ವಾ ಸರ್? ಸುಮಾರು ಒಂದು ಟನ್ ತೂಗುವ ಗಂಡು ಶೈರ್‌ಗೆ ಆ ಹೆಸರು ಒಗ್ಗುವುದಿಲ್ಲ. ಸುಮ್ನೆ ಬಂಡಿಗುದುರೆ ಅನ್ನಿ. ಕಾಲಿನ ಕೂದಲಿಗೆ ಜೂಲು. ಜೂಲುನಾಯಿ ಗೊತ್ತಿರುವವರಿಗೆಲ್ಲ ಅರ್ಥವಾಗುತ್ತದೆ.

ಗೇಣನ್ನು ಮೊದಲು ತೆಗೆಯಿರಿ. ಹ್ಯಾಂಡ್ ಅಂದರೆ 4 ಅಂಗುಲ, ಗೇಣು 9 ಅಂಗುಲ. 17 ಗೇಣಿನ ಕುದುರೆ ಹನ್ನೆರಡು ಅಡಿಗೂ ಜಾಸ್ತಿಯಾಗುತ್ತದೆ! 5 ಅಡಿ 8 ಅಂಗುಲ ಎಂದು ಹಾಕಿ. ಅದೂ ಹೆಗಲಿನವರೆಗೆ, ತಲೆಯವರೆಗಲ್ಲ. 1846ರಲ್ಲಿ ಬೆಡ್‌ಫರ್ಡ್‌ಶೈರ್‌ನಲ್ಲಿ ಹುಟ್ಟಿದ ಸ್ಯಾಂಪ್ಸನ್ ಎಂಬ ಶೈರ್ 7 ಅಡಿ ದಾಟಿತ್ತು. ಮಕ್ಕಳು ಬೆರಗಾಗಲು ಅಷ್ಟು ಸಾಕು.

ಮರು:
> ಸುಮ್ನೆ ಬಂಡಿಗುದುರೆ ಅನ್ನಿ
ಶೈರ್ ನೇಗಿಲನ್ನೂ ಎಳೆದಿದೆ. ಕಾಲುವೆ ದಂಡೆಯಲ್ಲಿ ನಡೆದು ದೋಣಿಯನ್ನೂ ಎಳೆದಿದೆ. ಬಂಡಿ ಎಲ್ಲಿ ಬಂತು? ಜೂಲು ಬೇರೆ ಹಿಂದೂಸ್ತಾನಿಯ ಸರಕು. ಹೀಗೇ ಎರವಲು ತಂದು ತಂದು ನಮ್ಮ ಪದಗಳು ಮೂಲೆಗೆ ಬಿದ್ದಿವೆ. ತಲೆಗೂದಲು ಇದ್ದ ಹಾಗೆ ಕಾಲುಗೂದಲು.

ಮರು:
ನಮ್ಮ ಬಂಡಿಯೆತ್ತು ಉಳುಮೆಗೂ ಹೋಗುತ್ತದೆ. ಆಗ ಅದರ ಹೆಸರು ಬದಲಿಸುತ್ತೇವೆಯೇ? 1878ರಲ್ಲಿ ಈ ತಳಿಗೆ ಸಂಘ ಕಟ್ಟಿದವರೇ ಅದನ್ನು ಇಂಗ್ಲಿಷ್ ಕಾರ್ಟ್ ಹಾರ್ಸ್ ಸೊಸೈಟಿ ಎಂದು ಕರೆದರು. ಕಾರ್ಟ್ ಅಂದರೆ ಬಂಡಿಯೇ. 1884ರಲ್ಲಷ್ಟೇ ಅದು ಶೈರ್ ಹಾರ್ಸ್ ಸೊಸೈಟಿ ಆಯಿತು.

ಎರವಲಿನ ಮಾತು ಇಲ್ಲಿ ನಿಲ್ಲುವುದಿಲ್ಲ. ಲಗಾಮು, ಜೀನು, ಸವಾರ, ಚಾಬೂಕು ಎಲ್ಲ ಪಾರಸಿಯಿಂದ ಬಂದು ನಮ್ಮವಾದವು. ಶೈರ್ ತಳಿಯೂ ಬೆರಕೆಯೇ. ಪೂರ್ವ ಇಂಗ್ಲೆಂಡಿನ ಫೆನ್ಸ್ ಎಂಬ ಜೌಗಿನ ನೀರು ಬಸಿಯಲು ಬಂದ ಡಚ್ಚರ ಕುದುರೆಗಳೂ ಅದರಲ್ಲಿ ಸೇರಿವೆ.

ಕಾಲುಗೂದಲು ಎಲ್ಲ ಕುದುರೆಗೂ ಇದೆ. ಫ್ರಾನ್ಸಿನ ಪರ್ಷೆರಾನ್ ಕೂಡ ಭಾರೀ ಬಂಡಿಗುದುರೆ, ಆದರೆ ಅದರ ಕಾಲು ಹೆಚ್ಚುಕಡಿಮೆ ನುಣುಪು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಮೊದಲು ಕಾಣುವ ವ್ಯತ್ಯಾಸವೇ ಜೂಲು. ಅದನ್ನು ಬಿಡಬೇಡಿ.