ಹೊಸ ರೂಮು ಸೇರಿಸಿದರೆ ಹಳೆ ಬೆಡ್‌ರೂಮಿನ ಕಿಟಕಿ ಮುಚ್ಚಿಹೋಗುತ್ತದೆ, ಫೈರ್ ಕೋಡ್ ಪ್ರಕಾರ ಏನು ದಾರಿ? (ಅಮೆರಿಕ)

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಹತ್ತಿರ ನಮ್ಮದೊಂದು ಹಳೆ ಮನೆ, ಒಂದೇ ಅಂತಸ್ತು. ಅಪ್ಪ ಅಮ್ಮ ಇನ್ನು ಮುಂದೆ ನಮ್ಮ ಜೊತೆಗೇ ಇರುತ್ತಾರೆ. ಅವರಿಗೆ ಅಂತ ಹಿಂದುಗಡೆ ಒಂದು ರೂಮು, ಬಾತ್‌ರೂಮು ಸೇರಿಸಿ ಕಟ್ಟಿಸಲು ಪ್ಲಾನ್ ಮಾಡಿಸಿ ಸಿಟಿಗೆ ಕೊಟ್ಟೆವು. ಎರಡು ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದ್ದಾರೆ.

ಒಂದು, ಬಲಗಡೆ ಗೋಡೆ ಗಡಿಯಿಂದ 4 ಅಡಿ ಮಾತ್ರ ಇದೆ, ಹಾಗಾಗಿ ಒಂದು ಗಂಟೆ ಫೈರ್ ರೇಟಿಂಗ್ ಇರುವ (ಅಂದರೆ ಒಂದು ಗಂಟೆ ಬೆಂಕಿ ತಡೆದು ನಿಲ್ಲುವ) ಗೋಡೆ ಬೇಕು, ಕಿಟಕಿಗಳೂ ಜಾಸ್ತಿಯಾದವು ಅಂತ. ಆ ಗೋಡೆ 14 ಅಡಿ ಉದ್ದ, 9 ಅಡಿ ಎತ್ತರ. ಅಪ್ಪನಿಗೆ ಬೆಳಕು ಚೆನ್ನಾಗಿರಲಿ ಅಂತ 6×5 ಅಡಿಯ ಕಿಟಕಿ, ಬಾತ್‌ರೂಮಿಗೆ 2×2 ಅಡಿಯದು ತೋರಿಸಿದ್ದೆವು. ಪಕ್ಕದ ಮನೆ ಗೋಡೆಗೂ ನಮ್ಮ ಗೋಡೆಗೂ ಮಧ್ಯೆ ಧಾರಾಳವಾಗಿ 15 ಅಡಿ ಇದೆ, ಆದರೂ ಯಾಕೆ ತೊಂದರೆ ಅಂತ ಅರ್ಥ ಆಗುತ್ತಿಲ್ಲ.

ಎರಡು, ಎಡಗಡೆ ಮೂಲೆಯ ಬೆಡ್‌ರೂಮಿಗೆ (ಮಗಳು ಮಲಗುವುದು ಅಲ್ಲಿ) ಇರುವುದು ಹಿಂದಿನ ಕಿಟಕಿ ಒಂದೇ, ಅದು ಈಗ ಹೊಸ ರೂಮಿನ ಒಳಗೆ ತೆರೆದುಕೊಳ್ಳುತ್ತದೆ, ಆಗುವುದಿಲ್ಲ ಅಂತ. ಹಿತ್ತಲಲ್ಲಿ ಬೇರೆಯಾಗಿ ಗ್ಯಾರೇಜ್ ಇದೆ, ಹೊಸ ಗೋಡೆಗೆ ಎರಡೂವರೆ ಅಡಿ ಹತ್ತಿರ ಬರುತ್ತದೆ. ಅದರ ಬಗ್ಗೆ ಏನೂ ಬರೆದಿಲ್ಲ. ಅಮ್ಮ ಕಿಟಕಿಗಳಿಗೆಲ್ಲ ಗ್ರಿಲ್ ಬೇಕೇ ಬೇಕು ಅನ್ನುತ್ತಿದ್ದಾರೆ, ಅದಕ್ಕೂ ನಿಯಮ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ನಕ್ಷೆಮನೆ:

ಪ್ಲಾನ್ ಹಾಕುವುದೇ ನನ್ನ ಕೆಲಸ, ಈ ಪ್ರಶ್ನೆ ಪದೇಪದೇ ಬರುತ್ತದೆ. ಅಲ್ಲಿ ಮನೆಗಳಿಗೆ ಅನ್ವಯಿಸುವುದು ಐಆರ್‌ಸಿ, ಅಂದರೆ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಅನ್ನುವ ಮನೆ ಕಟ್ಟುವ ನಿಯಮಾವಳಿ. ಒಂದೊಂದು ಊರು ಒಂದೊಂದು ವರ್ಷದ ಆವೃತ್ತಿ ಇಟ್ಟುಕೊಂಡು ತನ್ನ ತಿದ್ದುಪಡಿ ಸೇರಿಸಿಕೊಂಡಿರುತ್ತದೆ, ನಿಮ್ಮ ಸಿಟಿಯದು ಯಾವುದು ಅಂತ ಮೊದಲು ಕೇಳಿ. ಮೂಲ ನಿಯಮ ಹೇಳುತ್ತೇನೆ.

ದೂರ ಅಳೆಯುವುದು ಪಕ್ಕದ ಮನೆ ಗೋಡೆಗಲ್ಲ, ನಿಮ್ಮ ಸೈಟಿನ ಗಡಿಗೆ. ಇವತ್ತು ಅವರ ಮನೆ ದೂರ ಇದೆ, ನಾಳೆ ಅವರೂ ಗಡಿ ಹತ್ತಿರ ಒಂದು ರೂಮು ಎಳೆದರೆ? ಅವರು ಏನು ಕಟ್ಟುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಯಾರ ಗೋಡೆಯ ಜವಾಬ್ದಾರಿ ಅವರವರದ್ದೇ. ಬೆಂಕಿ ಬಿದ್ದಾಗ ಗೋಡೆಗಿಂತ ಎಷ್ಟೋ ಮೊದಲು ಕಿಟಕಿ ಗಾಜು ಬಿರಿದು ಬೀಳುತ್ತದೆ, ಆಮೇಲೆ ಜ್ವಾಲೆ ಆ ತೂತಿನಿಂದಲೇ ಹೊರಗೆ ಚಾಚುತ್ತದೆ, ಎದುರಿನ ಗೋಡೆ, ಪರದೆ, ಸೂರು ಎಲ್ಲ ಆ ಕಾವಿಗೇ ಹೊತ್ತಿಕೊಳ್ಳಬಹುದು. ಗಡಿ ಕಡೆ ಕಿಟಕಿಗೆ ಇಷ್ಟು ಬಿಗಿ ಇರುವುದು ಇದಕ್ಕೇ, ಮತ್ತು ಇದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ.

ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ) ಇಲ್ಲದ ಮನೆಗೆ ಲೆಕ್ಕ ಹೀಗೆ: ಗಡಿಗೆ 3 ಅಡಿಗಿಂತ ಹತ್ತಿರ ಇದ್ದರೆ ಆ ಗೋಡೆಯಲ್ಲಿ ಕಿಟಕಿಯೇ ಇಲ್ಲ. 3ರಿಂದ 5 ಅಡಿ ಒಳಗಿದ್ದರೆ ಗೋಡೆಯ ವಿಸ್ತೀರ್ಣದ ಶೇ 25ರಷ್ಟು ಮಾತ್ರ. 5 ಅಡಿ ದಾಟಿದರೆ ಮಿತಿ ಇಲ್ಲ. ನಿಮ್ಮ ಗೋಡೆ 126 ಚದರ ಅಡಿ, ಕಾಲು ಭಾಗ ಅಂದರೆ 31.5. ನೀವು ತೋರಿಸಿರುವುದು 30 ಮತ್ತು 4, ಒಟ್ಟು 34. ಬಾತ್‌ರೂಮ್ ಕಿಟಕಿ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಲೆಕ್ಕಕ್ಕೆ ಕೂರುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ದೊಡ್ಡ ಕಿಟಕಿಯನ್ನೇ ಹಿಂದಿನ ಗೋಡೆಗೆ ತಿರುಗಿಸುವುದು, ಯಾಕಂದರೆ ಆ ಪಕ್ಕದ ಗಡಿಗೆ ಲಂಬವಾಗಿ ನಿಂತ ಗೋಡೆಗೆ ಅದರ ನಿರ್ಬಂಧ ಬರುವುದಿಲ್ಲ, ಹಿಂದಿನ ಗಡಿ ಹೇಗೂ ದೂರ ಇರುತ್ತದೆ ಅಲ್ವಾ.

ಗೋಡೆಗೆ ಒಂದು ಗಂಟೆ ರೇಟಿಂಗ್ ಅಂದರೆ ಎರಡೂ ಬದಿಯಿಂದ ಬೆಂಕಿ ತಡೆಯಬೇಕು. ಹೊರಗೆ ಇಟ್ಟಿಗೆ ಇದೆ ಅಂತ ತಾನಾಗಿ ರೇಟಿಂಗ್ ಬರುವುದಿಲ್ಲ, ಪರೀಕ್ಷೆ ಆಗಿ ಪಟ್ಟಿಯಲ್ಲಿರುವ ವಿನ್ಯಾಸದ ಸಂಖ್ಯೆಯನ್ನು ಪ್ಲಾನಿನಲ್ಲಿ ಬರೆಸಿ. ಸೂರನ್ನೂ ಮರೆಯಬೇಡಿ. 4 ಅಡಿ ಗೋಡೆಯಿಂದ ಒಂದು ಅಡಿ ಸೂರು ಚಾಚಿದರೆ ಅದು ಗಡಿಗೆ 3 ಅಡಿ ಆಯಿತು. ಗಡಿಯಿಂದ 2 ಅಡಿ ಒಳಗೆ ಸೂರೇ ಬರಬಾರದು, 2ರಿಂದ 5ರ ಮಧ್ಯೆ ಇದ್ದರೆ ಅದರ ಕೆಳಭಾಗಕ್ಕೂ ಒಂದು ಗಂಟೆ ರಕ್ಷಣೆ ಬೇಕು.

ಗ್ಯಾರೇಜ್ ನಿಮ್ಮದೇ ಸೈಟಿನಲ್ಲಿ ಇರುವುದರಿಂದ ಮೇಲಿನ ದೂರದ ಲೆಕ್ಕದಿಂದ ವಿನಾಯಿತಿ ಇದೆ. ಆದರೆ ಮನೆಗೆ 3 ಅಡಿಗಿಂತ ಹತ್ತಿರ ಬಂದರೆ ಗ್ಯಾರೇಜಿನ ಆ ಗೋಡೆಗೆ ಒಳಗಿನಿಂದ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್ ಹೊಡೆಸಬೇಕು. ಅವರು ಬರೆಯದಿದ್ದರೂ ನೀವೇ ತೋರಿಸಿಬಿಡಿ.

ಅಡಿಕೆತೋಟ:

ಎರಡನೇ ಆಕ್ಷೇಪಣೆ ಬಗ್ಗೆ ಹೇಳುತ್ತೇನೆ. ಅದೇ ದೊಡ್ಡದು, ಅದನ್ನು ಹಗುರವಾಗಿ ತಗೋಬೇಡಿ. ಮಲಗುವ ಪ್ರತಿ ಕೋಣೆಯಿಂದ ನೇರವಾಗಿ ಹೊರಗೆ, ಅಂದರೆ ರಸ್ತೆಗೆ ಅಥವಾ ರಸ್ತೆಗೆ ತಲುಪುವ ಅಂಗಳಕ್ಕೆ ಪಾರಾಗಲು ಒಂದು ಕಿಟಕಿಯೋ ಬಾಗಿಲೋ ಇರಬೇಕು. ಹಾಲ್‌ನಲ್ಲಿ ಹೊಗೆ ತುಂಬಿದರೆ ಮಗುವಿಗೆ ಇರುವುದು ಅದೊಂದೇ ದಾರಿ. ಅಗ್ನಿಶಾಮಕದವರು ಒಳಗೆ ಬರುವುದೂ ಅಲ್ಲಿಂದಲೇ. ಆ ದಾರಿ ಅಜ್ಜ ಅಜ್ಜಿಯ ರೂಮಿನೊಳಗೆ ತೆರೆದುಕೊಂಡರೆ ಏನು ಪ್ರಯೋಜನ?

ಮೂಲೆ ರೂಮು ಅಂದಿರಿ, ಹಾಗಾದರೆ ಎಡಗಡೆ ಹೊರಗೋಡೆ ಇರಬೇಕು. ಅಲ್ಲಿ ಗಡಿಗೆ ಎಷ್ಟು ದೂರ?

ತುಂಗಾತೀರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಡಗಡೆ 7 ಅಡಿ ಇದೆ. ಅಲ್ಲಿ ಮಾಮೂಲಿ ಮೇಲೆ ಕೆಳಗೆ ಸರಿಯುವ ಕಿಟಕಿ, 3 ಅಡಿ ಅಗಲ 4 ಅಡಿ ಎತ್ತರದ್ದು ಹಾಕಿದರೆ ಸಾಕಾ?

ಅಡಿಕೆತೋಟ:

7 ಅಡಿ ಇದ್ದರೆ ಕಿಟಕಿಗೆ ಮಿತಿ ಇಲ್ಲ, ಒಳ್ಳೆಯದೇ ಆಯಿತು. ಆದರೆ ಆ ಕಿಟಕಿ ಸಾಲದು. ಅದರಲ್ಲಿ ತೆರೆಯುವುದು ಅರ್ಧ ಮಾತ್ರ, ಚೌಕಟ್ಟು ಕಳೆದರೆ ಎತ್ತರ ಸುಮಾರು 20 ಇಂಚು ಸಿಗಬಹುದು. ಕನಿಷ್ಠ 24 ಇಂಚು ಎತ್ತರ, 20 ಇಂಚು ಅಗಲ ಬೇಕು. ಆ ಎರಡೂ ಕನಿಷ್ಠ ಅಳತೆ ಇಟ್ಟರೂ 480 ಚದರ ಇಂಚು ಅಷ್ಟೇ ಆಗುತ್ತದೆ, ನೆಲಮಟ್ಟದ ರೂಮಿಗೆ ತೆರೆದ ಜಾಗ 5 ಚದರ ಅಡಿ, ಅಂದರೆ 720 ಚದರ ಇಂಚು ಇರಬೇಕು. (ಮೇಲಿನ ಅಂತಸ್ತಿಗೆ 5.7 ಚದರ ಅಡಿ.) ತಳ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಬಾಗಿಲಿನ ಹಾಗೆ ಹೊರಕ್ಕೆ ಪೂರ್ತಿ ತೆರೆಯುವ ಕೇಸ್ಮೆಂಟ್ ಕಿಟಕಿ ತಗೊಳ್ಳಿ, ಕಮ್ಮಿ ಗಾತ್ರದಲ್ಲೇ ಕೆಲಸ ಆಗುತ್ತದೆ. ಅಂಗಡಿಯಲ್ಲಿ ಹೊರ ಅಳತೆ ನೋಡಬೇಡಿ, ತೆರೆದಾಗ ಸಿಗುವ ಜಾಗ ಎಷ್ಟು ಅಂತ ಕೇಳಿ. ಅಪ್ಪ ಅಮ್ಮನ ರೂಮಿಗೂ ಇದೇ ಅಳತೆ. ಅವರಿಗೆ ಹಿಂದುಗಡೆ ಹೊರಬಾಗಿಲನ್ನೇ ಇಡಿ, ವಯಸ್ಸಾದವರು ಕಿಟಕಿ ಹತ್ತಿ ಇಳಿಯುವುದು ಕಷ್ಟ.

ಇನ್ನು ಗ್ರಿಲ್. ನಮ್ಮೂರಿನ ಹಾಗೆ ಗೋಡೆಗೆ ಕೂರಿಸಿದ ಗ್ರಿಲ್ ಈ ಕಿಟಕಿಗಳಿಗೆ ಹಾಕುವ ಹಾಗಿಲ್ಲ. ಕೀ ಇಲ್ಲದೆ, ಸ್ಪ್ಯಾನರ್ ಇಲ್ಲದೆ, ಹೇಗೆ ಅಂತ ಯಾರೂ ಹೇಳಿಕೊಡದೆ ಒಳಗಿನಿಂದ ತೆರೆಯುವಂಥದ್ದಾದರೆ ಮಾತ್ರ ಸರಿ. ಅಮ್ಮನಿಗೆ ಮೆಲ್ಲಗೆ ತಿಳಿಸಿ ಹೇಳಿ, ಕಳ್ಳ ಒಳಗೆ ಬರದಂತೆ ತಡೆಯುವ ಸರಳು ಮೊಮ್ಮಗಳನ್ನೂ ಹೊರಗೆ ಹೋಗಲು ಬಿಡುವುದಿಲ್ಲ.

ಕಾವೇರಿ_ಆಸ್ಟಿನ್:

ಇನ್ನೆರಡು ಮಾತು. ಬೇಲಿಯನ್ನೇ ಗಡಿ ಅಂತ ನಂಬಬೇಡಿ. ಸರ್ವೇ ನಕ್ಷೆ ಇಟ್ಟುಕೊಂಡು ಅಳೆಯಿರಿ, ಬೇಲಿ ಒಂದು ಅಡಿ ಆಚೀಚೆ ಇದ್ದರೂ ನಿಮ್ಮ 4 ಅಡಿ 3 ಆಗಿಬಿಡಬಹುದು. ಜೋನಿಂಗ್‌ನವರು (ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ನೋಡುವ ವಿಭಾಗ) ಕೇಳುವ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಖಾಲಿ ಬಿಡಬೇಕಾದ ಜಾಗ, ಬೇರೆ ಲೆಕ್ಕ, ಫೈರ್ ಕೋಡ್ ಒಪ್ಪಿತು ಅಂದ ಮಾತ್ರಕ್ಕೆ ಅವರು ಒಪ್ಪಿದರು ಅಂತಲ್ಲ, ಅದನ್ನೂ ಈಗಲೇ ಖಚಿತ ಮಾಡಿಕೊಳ್ಳಿ. ಹೊಸ ಮಲಗುವ ಕೋಣೆಗೆ ಪರ್ಮಿಟ್ ತಗೊಂಡಾಗ ಹಳೆ ಮನೆಯ ಭಾಗಕ್ಕೂ ಈಗಿನ ನಿಯಮದಂತೆ ಸ್ಮೋಕ್ ಅಲಾರಂ ಹಾಕಬೇಕಾಗುತ್ತದೆ. ಪ್ರತಿ ಬೆಡ್‌ರೂಮಿನಲ್ಲೊಂದು, ಹೊರಗೆ ಹತ್ತಿರದಲ್ಲೊಂದು. ಒಂದು ಕೂಗಿದರೆ ಎಲ್ಲವೂ ಕೂಗುವಂಥವನ್ನೇ ಹಾಕಿಸಿ, ವೈರ್‌ಲೆಸ್ ಆದರೆ ಹಳೆ ಗೋಡೆ ಒಡೆಯಬೇಕಾಗಿಲ್ಲ.