ಸಹಾಯ ಬೇಕು: ಮುಚ್ಚಿಹೋದ ತಾಣಕ್ಕೆ ಅಕ್ಕ ಬರೆದಿದ್ದ ಕಥೆಗಳನ್ನು ಓದಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಕೊನೆ ವರ್ಷದಲ್ಲಿದ್ದೇನೆ. ಇಂಟರ್ನೆಟ್ ಕಂಪನಿ ಒಂದು ಸೇವೆ ನಿಲ್ಲಿಸಿದರೆ ಜನ ಅಲ್ಲಿ ಬರೆದದ್ದು ಏನಾಗುತ್ತದೆ? ಇದು ನನ್ನ ಸೆಮಿನಾರ್ ವಿಷಯ. ಗೂಗಲ್‌ನ ಎರಡು ಸಾಮಾಜಿಕ ಜಾಲತಾಣಗಳನ್ನೇ ನೋಡಿ: 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ನಿಂತಿತು, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್. ಬರೆದವರು ನಾವು, ಬೀಗ ಮಾತ್ರ ಅವರ ಕೈಲಿ. ಇದು ಸರಿಯಲ್ಲ ಅನ್ನಿಸುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಗಿದೆ. ಅಕ್ಕ ಕಾಲೇಜಿನಲ್ಲಿದ್ದಾಗ ಅಜ್ಜಿ ಹೇಳಿದ ಕಥೆಗಳನ್ನು ಒಂದು ಉಚಿತ ತಾಣದಲ್ಲಿ ಹಾಕುತ್ತಿದ್ದಳು. ಈಗ ತಾಣವೂ ಇಲ್ಲ, ಅಜ್ಜಿಯೂ ಇಲ್ಲ. ಹಳೇ ಜಾಲಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿದರೆ ಬರೀ ಲಾಗಿನ್ ಪುಟ ಬರುತ್ತದೆ.

ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರಿನಲ್ಲಿ ಅವಳು ಮೊದಲು ಟೈಪ್ ಮಾಡಿಟ್ಟ 14 ವರ್ಡ್ ಫೈಲ್ ಸಿಕ್ಕವು. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. 'ನುಡಿ' ಅನ್ನೋ ಕನ್ನಡ ತಂತ್ರಾಂಶದ ಹಳೇ ಫಾಂಟ್ ಹಾಕಿದ ಮೇಲೆ 11 ಫೈಲ್ ಓದಲು ಬಂದವು. "ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕಥೆ ಶುರುಮಾಡಿದಳು" ಅನ್ನೋ ಸಾಲು ಕಂಡಾಗ ಅಕ್ಕ ತುಂಬಾ ಹೊತ್ತು ಮಾತೇ ಆಡಲಿಲ್ಲ.

ಆದರೆ ಯೂನಿಕೋಡ್‌ಗೆ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ವ್ಯವಸ್ಥೆ) ಬದಲಿಸಿದರೆ ಅರ್ಕಾವತ್ತು ಇರುವ ಕಡೆಯೆಲ್ಲ ತಪ್ಪಾಗುತ್ತಿದೆ. ಹಳೇ ಫಾಂಟಿನಲ್ಲಿ ಅದರ ಸಂಕೇತ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ಗೊಂದಲ ಅಲ್ಲೇ ಇರಬೇಕು. ಉಳಿದ 3 ಫೈಲ್ ನುಡಿ ಫಾಂಟಿಗೂ, 'ಬರಹ' ಅನ್ನೋ ಇನ್ನೊಂದು ಕನ್ನಡ ತಂತ್ರಾಂಶದ ಫಾಂಟಿಗೂ ಬಗ್ಗುತ್ತಿಲ್ಲ.

ಅರ್ಕಾವತ್ತನ್ನು ಸರಿಯಾಗಿ ಬದಲಿಸುವ ಪರಿವರ್ತಕ ಯಾವುದು? ಆ 3 ಫೈಲ್ ಯಾವ ಫಾಂಟಿನಲ್ಲಿವೆ ಅಂತ ಪತ್ತೆ ಮಾಡೋದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.