ಹೊಸ ಕೋಳಿ ತಂದಿದ್ದೀರಾ? ಭಾನುವಾರ ಡಾಕ್ಟ್ರಲ್ಲಿ ಕೇಳಿ

ಅಡ್ಮಿನ್: ರಾತ್ರಿ 8ರಿಂದ ಪಶುವೈದ್ಯರು ಗ್ರೂಪಿನಲ್ಲಿ ಇರ್ತಾರೆ. ಹೆಸರು ಬೇಡ, ಊರು ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ, ಕೈಮುಗಿಯುತ್ತೇನೆ.

ಸುರತ್ಕಲ್: ಜಾತ್ರೆಯಲ್ಲಿ ಮಗಳು ಹಟ ಮಾಡಿದಳು ಅಂತ ಗುಲಾಬಿ ಬಣ್ಣದ ಎರಡು ಮರಿ ತಂದೆ. ಒಂದು ಮೂರನೇ ದಿನಕ್ಕೆ ಹೋಯಿತು. ಇನ್ನೊಂದು ನಿಂತಲ್ಲೇ ತೂಕಡಿಸ್ತಾ ಉಂಟು.

ಡಾಕ್ಟ್ರು: ಬಣ್ಣ ಹಾಕಿ ಮಾರುವವು ಹೆಚ್ಚಾಗಿ ಮೊಟ್ಟೆಕೋಳಿ ಹ್ಯಾಚರಿಯ ಗಂಡು ಮರಿಗಳು. ಹ್ಯಾಚರಿಗೆ ಬೇಡ, ಹಾಗಾಗಿ ಅಗ್ಗ. ತಾಯಿ ಇಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ರಟ್ಟಿನ ಪೆಟ್ಟಿಗೆ, 60 ವ್ಯಾಟಿನ ಹಳೇ ನಮೂನೆ ಬಲ್ಬು ಸಾಕು. ಎಲ್‌ಇಡಿ ಅಲ್ಲ, ಅದರಲ್ಲಿ ಬೆಳಕು ಮಾತ್ರ. ಮರಿ ಬಲ್ಬಿನ ಅಡಿಗೇ ಅಂಟಿಕೊಂಡರೆ ಚಳಿ, ಮೂಲೆಗೆ ಓಡಿ ಬಾಯಿ ಬಿಟ್ಟರೆ ಸೆಕೆ. ಈಗಲೇ ಮಾಡಿ, ಬೆಳಿಗ್ಗೆಗೆ ಇಡಬೇಡಿ.

ಮಣಿಪಾಲ: ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದೇ ಕೋಳಿ ಸಾಕಬಹುದಾ ಸರ್?

ಡಾಕ್ಟ್ರು: ಒಂಟಿ ಬೇಡ, ಎರಡು ಹೇಂಟೆ. ಹುಂಜ ಬೇಡವೇ ಬೇಡ. ಬೆಳಿಗ್ಗೆ 4 ಗಂಟೆಗೆ ಅಸೋಸಿಯೇಷನ್ನಿನವರು ಬಾಗಿಲು ತಟ್ಟುತ್ತಾರೆ.

ಮೂಡುಬಿದಿರೆ: ಹೊಸದನ್ನು ಹಳೆಯವುಗಳ ಜೊತೆ ಯಾವಾಗ ಸೇರಿಸುವುದು?

ಡಾಕ್ಟ್ರು: 30 ದಿನ ಬೇರೆ ಗೂಡು, ಬೇರೆ ನೀರಿನ ಪಾತ್ರೆ. ಮೊದಲು ಹಳೆಯವಕ್ಕೆ ಅಕ್ಕಿ ಹಾಕಿ, ಕೊನೆಗೆ ಹೊಸದಕ್ಕೆ. ಅಲ್ಲಿಂದ ತಿರುಗಿ ಹಳೇ ಗೂಡಿಗೆ ಕೈ ಹಾಕಬೇಡಿ.

ಕಾಪು: ನಮ್ಮ ಹೇಂಟೆ ಸಿಪ್ಪೆಯೇ ಇಲ್ಲದ ಮೊಟ್ಟೆ ಇಡ್ತಾ ಉಂಟು, ಮುಟ್ಟಿದರೆ ಬಲೂನಿನ ಹಾಗೆ.

ಬ್ರಹ್ಮಾವರ: ಡಾಕ್ಟ್ರೇ, ಸ್ವಲ್ಪ ಅರ್ಜೆಂಟ್. 11 ದಿನದ ಹಿಂದೆ ಸಂತೆಯಿಂದ ಒಂದು ಹೇಂಟೆ ತಂದದ್ದು. ಕತ್ತಲಾದ ಮೇಲೆ ಗೂಡಿಗೆ ಬಿಟ್ಟರೆ ಉಳಿದವು ಜಗಳ ಮಾಡುವುದಿಲ್ಲ ಅಂತ ಅತ್ತೆ ಹೇಳಿದರು, ಹಾಗೇ ಬಿಟ್ಟೆ. ನಾಲ್ಕು ದಿನದಿಂದ ಹಸಿರು ಹಿಕ್ಕೆ. ಎರಡು ಸತ್ತವು. ಈಗ ಕೆಂಪು ಹೇಂಟೆಯ ಕುತ್ತಿಗೆ ತಿರುಚಿ ಕಣ್ಣು ಆಕಾಶಕ್ಕೆ. ನುಚ್ಚು ಹಾಕಿದರೆ ಕುಕ್ಕುತ್ತದೆ, ಆದರೆ ಕೊಕ್ಕು ಕಾಳಿನಿಂದ ಒಂದು ಇಂಚು ಆಚೆ ನೆಲಕ್ಕೆ ಬೀಳ್ತದೆ. ಮತ್ತೆ ಮತ್ತೆ ಹಾಗೇ. ನೋಡಲಿಕ್ಕೆ ಆಗುವುದಿಲ್ಲ. ಚೆನ್ನಾಗಿರುವ ಆರನ್ನು ನಾಳೆ ಕಾರ್ಕಳಕ್ಕೆ, ತಂಗಿ ಮನೆಗೆ ಕಳಿಸುವಾ ಅಂತ.

ಡಾಕ್ಟ್ರು: ಕಾರ್ಕಳಕ್ಕೆ ಒಂದು ಗರಿಯೂ ಹೋಗಬಾರದು. ಲಸಿಕೆ ಆಗಿದೆಯಾ? ಹೊಸ ಹೇಂಟೆ ಹೇಗಿದೆ?

ಬ್ರಹ್ಮಾವರ: ಲಸಿಕೆ ಹಾಕಿಸಿದ್ದಿಲ್ಲ. ಹೊಸದು ಗಟ್ಟಿಮುಟ್ಟು ಉಂಟು, ಅದಕ್ಕೇ ಅದರ ಮೇಲೆ ಅನುಮಾನ ಬರಲಿಲ್ಲ.

ಬಜಪೆ: ಕೊಕ್ಕರೆ ರೋಗಕ್ಕೆ ರಾಮಬಾಣ! ಬೆಳ್ಳುಳ್ಳಿ, ಅರಶಿನ, ಎರಡು ಹನಿ ಸೀಮೆಎಣ್ಣೆ ಅರೆದು ಗಂಟಲಿಗೆ. 3 ದಿನದಲ್ಲಿ ಗುಣ. ಎಲ್ಲರಿಗೂ ಕಳಿಸಿ.

ಡಾಕ್ಟ್ರು: ಬ್ರಹ್ಮಾವರದವರೇ, ಸರಿಯಾಗಿ ಓದಿ. ಕುತ್ತಿಗೆ ತಿರುಚಿದ್ದನ್ನು ಕೇಳಿ ಫೋನಿನಲ್ಲೇ ರೋಗ ಹೇಳಲಿಕ್ಕಾಗುವುದಿಲ್ಲ. ವಿಟಮಿನ್ ಕೊರತೆಯಲ್ಲೂ ತಿರುಚುತ್ತದೆ, ಹಕ್ಕಿಜ್ವರದಲ್ಲೂ ತಿರುಚುತ್ತದೆ. ಆದರೆ ಹೊಸ ಕೋಳಿ ಬಂದದ್ದು, ಹಸಿರು ಹಿಕ್ಕೆ, ಸಾಲಾಗಿ ಸಾವು, ಇಷ್ಟು ಒಟ್ಟಿಗೆ ಇರುವಾಗ ನನ್ನ ಅನುಮಾನ ರಾಣಿಖೇತ್, ಅಂದರೆ ಕೊಕ್ಕರೆ ರೋಗ. ಒಮ್ಮೆ ಬಂದು ಬದುಕಿದ ಕೋಳಿ, ಲಸಿಕೆ ಆದ ಕೋಳಿ ತಾನು ಬೀಳದೆಯೇ ವೈರಸ್ ಹೊತ್ತು ತಿರುಗಬಹುದು. ನಿಮ್ಮ ಗಟ್ಟಿಮುಟ್ಟಿನ ಹೇಂಟೆ ಹಾಗೆ ಬಂದಿರಬೇಕು. ಸೋಂಕು ತಗಲಿ ಲಕ್ಷಣ ಕಾಣಲಿಕ್ಕೆ ಸಾಮಾನ್ಯ 5-6 ದಿನ, ಕೆಲವಕ್ಕೆ 15 ದಿನ. ಹಾಗಾಗಿ ಇವತ್ತು ಚೆನ್ನಾಗಿರುವ ಆರು ಕೋಳಿ ಚೆನ್ನಾಗಿವೆ ಅಂತ ನೀವೂ ಹೇಳುವ ಹಾಗಿಲ್ಲ, ನಾನೂ ಹೇಳುವ ಹಾಗಿಲ್ಲ.

ಬಿದ್ದವನ್ನು ಈಗಲೇ ಬೇರೆ ಮಾಡಿ. ಬೆಳಿಗ್ಗೆ ಹತ್ತಿರದ ಸರಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ, ಆಮೇಲೆ ಹೋಗಿ. ರಾತ್ರಿ ಇನ್ನೊಂದು ಸತ್ತರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಒಟ್ಟಿಗೆ ಇಡಿ, ಮರಣೋತ್ತರ ಪರೀಕ್ಷೆಗೆ ಬೇಕು. ಫ್ರೀಜರಿನಲ್ಲಿಟ್ಟು ಕಲ್ಲು ಮಾಡಬೇಡಿ. ಸತ್ತ ಉಳಿದವನ್ನು ಬಾವಿಯಿಂದ ದೂರ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ತೋಡಿಗೆ ಎಸೆದರೆ ಕೆಳಗಿನ ಮನೆಯ ಗೂಡಿಗೆ ನೀವೇ ಕೊಟ್ಟ ಹಾಗೆ. ಕೊಯ್ದು ಸಾರು ಮಾಡಬೇಡಿ. ಗೂಡಿಗೆ ಹೋಗಲಿಕ್ಕೆ ಒಂದು ಜೋಡಿ ಚಪ್ಪಲಿ ಬೇರೆ ಇಡಿ, ಕೈ ಸೋಪು ಹಾಕಿ ತೊಳೆಯಿರಿ. ಈ ವೈರಸ್ ಮನುಷ್ಯರ ಕಣ್ಣನ್ನೂ ಕೆಂಪು ಮಾಡುತ್ತದೆ. ಮದ್ದಿಲ್ಲ. ಉಳಿದವಕ್ಕೆ ಲಸಿಕೆ ಹಾಕಬೇಕಾ ಅಂತ ಅಲ್ಲಿಯ ವೈದ್ಯರು ನೋಡಿ ಹೇಳಲಿ. ಈಗಾಗಲೇ ಸೋಂಕಾದದ್ದು ಲಸಿಕೆ ಆದ ಮೇಲೆ ಸತ್ತರೆ ಲಸಿಕೆಯನ್ನು ಬೈಯಬೇಡಿ.

ಬಜಪೆಯವರೇ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋದರೆ ಕೋಳಿ ರೋಗಕ್ಕಿಂತ ಮೊದಲು ನಿಮ್ಮ ಮದ್ದಿಗೇ ಸಾಯ್ತದೆ. ಅಳಿಸಿ.

ಬಜಪೆ: ನಮ್ಮ ಅಜ್ಜನ ಕಾಲದಲ್ಲಿ ಈ ರೋಗವೇ ಇರಲಿಲ್ಲ. ಎಲ್ಲ ಬ್ರಾಯ್ಲರ್ ಬಂದ ಮೇಲೆ.

ಡಾಕ್ಟ್ರು: ರಾಣಿಖೇತ್ ಉತ್ತರಾಖಂಡದ ಊರು. ಅಲ್ಲಿ ಇದನ್ನು ಗುರುತಿಸಿದ್ದು 1920ರ ದಶಕದಲ್ಲಿ. ಆಗ ಬ್ರಾಯ್ಲರ್ ಎಲ್ಲಿತ್ತು?

ಉಡುಪಿ: ಹೊಸ ಕೋಳಿ ಎಷ್ಟು ದಿನ ಬೇರೆ ಇಡಬೇಕು ಸರ್?

ಡಾಕ್ಟ್ರು: 30.

ಬಂಟ್ವಾಳ: ಅಂಕದ (ಕೋಳಿ ಕಾಳಗದ) ಹುಂಜ ತಂದಿದ್ದೇನೆ. ಕಾಲಿನ ಗಾಯ ಒಣಗ್ತಾ ಇಲ್ಲ, ಏನು ಹಚ್ಚುವುದು?

ಪುತ್ತೂರು: ಕೋರಿ ಅಂಕ ಅಪರಾಧ ಅಂತ ಗೊತ್ತುಂಟಾ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆ.

ಬಂಟ್ವಾಳ: ಕಂಬಳ ಆಗ್ತದೆ, ಕೋಳಿ ಆಗುವುದಿಲ್ಲವಾ? ನಮ್ಮ ಸಂಪ್ರದಾಯ ಮಾರಾಯ್ರೆ.

ಪುತ್ತೂರು: ಕಂಬಳಕ್ಕೆ 2017ರಲ್ಲಿ ರಾಜ್ಯ ತಿದ್ದುಪಡಿ ತಂದಿತು, 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಿಮ್ಮ ಹುಂಜದ ಕಾಲಿಗೆ ಬ್ಲೇಡ್ ಕಟ್ಟಲಿಕ್ಕೆ ಯಾರು ತಿದ್ದುಪಡಿ ತಂದದ್ದು?

ಬಂಟ್ವಾಳ: ಭಾನುವಾರ ಕೋರಿರೊಟ್ಟಿ ತಿಂದು ಇಲ್ಲಿ ಕರುಣೆ ಹೇಳ್ತೀರಿ.

ಪುತ್ತೂರು: ನಾನು ಸಸ್ಯಾಹಾರಿ.

ಬಂಟ್ವಾಳ: ಹಾಗಾದರೆ ಕೋಳಿ ಗ್ರೂಪಿನಲ್ಲಿ ಎಂತ ಕೆಲಸ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಡಾಕ್ಟ್ರು: ಅಂಕದ ಗಾಯಕ್ಕೆ ಇಲ್ಲಿ ಮದ್ದು ಹೇಳುವುದಿಲ್ಲ, ಆಸ್ಪತ್ರೆಗೆ ತನ್ನಿ. ಹತ್ತು ಊರಿನ ಹುಂಜ ಒಂದು ಗದ್ದೆಯಲ್ಲಿ ಸೇರಿದರೆ ರೋಗವೂ ಹತ್ತು ಊರಿಗೆ ಹೋಗ್ತದೆ. ಮೇಲೆ ಬ್ರಹ್ಮಾವರದ ಕತೆ ಓದಿ.

ಕಾಪು: ನನ್ನ ಮೊಟ್ಟೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ತೊಕ್ಕೊಟ್ಟು: ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ಕುಟ್ಟಿ ಹುಡಿ ಮಾಡಿ ಇಡಿ ಅಕ್ಕಾ, ಬೇಕಾದಷ್ಟು ತಿಂತದೆ. ನಮ್ಮದಕ್ಕೆ ಸರಿ ಆಯಿತು.

ಮಲ್ಪೆ: ಲಸಿಕೆ ಯಾವಾಗ ಯಾವುದು ಅಂತ ಒಮ್ಮೆ ಬರೆದು ಹಾಕಿ ಸರ್.

ಡಾಕ್ಟ್ರು: ರಾಣಿಖೇತ್ ತಡೆಯಲಿಕ್ಕೆ ಮರಿಗೆ 5ರಿಂದ 7ನೇ ದಿನ ಲಸೋಟ ಲಸಿಕೆ, ಕಣ್ಣಿಗೆ ಒಂದು ಹನಿ. ನಾಲ್ಕು ವಾರಕ್ಕೆ ಇನ್ನೊಮ್ಮೆ. 8 ವಾರಕ್ಕೆ ಅದೇ ರೋಗದ ಆರ್‌2ಬಿ ಲಸಿಕೆ, ಇಂಜೆಕ್ಷನ್, ಅದಕ್ಕಿಂತ ಚಿಕ್ಕದಕ್ಕೆ ಬೇಡ. ಒಂದು ಬಾಟಲಿಯಲ್ಲಿ ನೂರಕ್ಕೆ ಕಡಿಮೆ ಡೋಸ್ ಬರುವುದು ಅಪರೂಪ, ನೆರೆಕರೆಯವರು ಸೇರಿ ತನ್ನಿ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ, ಅಂಗಿಯ ಕಿಸೆಯಲ್ಲಿ ಅಲ್ಲ.

ಹೆಬ್ರಿ: ಹೊಸ ಕೋಳಿ ಒಂದು ವಾರ ಬೇರೆ ಇಟ್ಟರೆ ಸಾಕಲ್ವಾ?

ಡಾಕ್ಟ್ರು: ಮೇಲೆ ಎರಡು ಸಲ ಬರೆದಿದ್ದೇನೆ. ಓದುವುದಿಲ್ಲ ಅಂತ ಆದರೆ ನಾನು ಯಾರಿಗೆ ಬರೆಯುವುದು?

ಬಜಪೆ: ಫಾರ್ವರ್ಡ್: ಪಪ್ಪಾಯಿ ಎಲೆ ರಸ, ಎಲ್ಲಾ ಕೋಳಿ ರೋಗಕ್ಕೆ.

ಡಾಕ್ಟ್ರು: ಅಡ್ಮಿನ್, ಇವರನ್ನು ನೋಡಿಕೊಳ್ಳಿ. ನಾನು ಊಟಕ್ಕೆ ಹೋಗ್ತೇನೆ.

ಬ್ರಹ್ಮಾವರ: ಕೆಂಪು ಹೇಂಟೆ ಈಗ ಹೋಯಿತು ಡಾಕ್ಟ್ರೇ. ಐಸಿನಲ್ಲಿ ಇಟ್ಟಿದ್ದೇನೆ. ತಂಗಿಗೆ ಫೋನ್ ಮಾಡಿ ಬರುವುದು ಬೇಡ ಅಂದೆ.

ಸುರತ್ಕಲ್: 60 ವ್ಯಾಟ್ ಸಿಗಲಿಲ್ಲ, ಅಂಗಡಿಯಲ್ಲಿ 40 ಮಾತ್ರ ಇತ್ತು. ಸಾಕಾಗ್ತದಾ? ಮಗಳು ಮಲಗ್ತಾ ಇಲ್ಲ.